ಹದಿನಾಲ್ಕು ಹೆಸರು, ಒಂದು ಲ್ಯಾಂಡ್‌ಲೈನ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಕಂಪನಿಯ ಹದಿನಾಲ್ಕೂ ಡೊಮೈನ್, ಅಂದರೆ ಇಂಟರ್‌ನೆಟ್ಟಿನ ಹೆಸರು, ನೋಡಿದ್ದಾಯಿತು. ಬೀಗ ಇದೆ. ಸರ್ವರ್ ವಿಳಾಸ ಬದಲಾಗಿಲ್ಲ. ಮಾಲೀಕರ ಕಾಲಮ್ಮಿನಲ್ಲಿ ಕಂಪನಿಯದೇ ಹೆಸರು. ನಾಲ್ಕು ತಪ್ಪು ಸ್ಪೆಲ್ಲಿಂಗಿನವು — ಬೇರೆಯವರ ಕೈಗೆ ಹೋಗದಿರಲಿ ಎಂದು ಬೇಕೆಂದೇ ಕೊಂಡವು — ಅವೂ ಕ್ಷೇಮ. ಮುಖ್ಯವಾದದ್ದರ ಗಡುವು ಏಪ್ರಿಲ್ 30. ಇನ್ನು 58 ದಿನ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ನವೀಕರಣದ ಕಾಗದ ಅಳಿಯಂದಿರ ಸಹಿಗೆ ಕಳಿಸಿದೆ.

ಅಳಿಯ ಎಂದರೆ ಯಜಮಾನರ ಅಳಿಯ. ಯಜಮಾನರು ಮಂಡಿನೋವೆಂದು ಮನೆಯಲ್ಲಿ ಕೂತ ಮೇಲೆ ಈತ ಎಂ.ಡಿ. ಎದುರಿಗೆ ಎಲ್ಲರಿಗೂ ಸರ್, ಬೆನ್ನ ಹಿಂದೆ ಎಲ್ಲರಿಗೂ ಅಳಿಯ. ಈ ಪುಸ್ತಕ ಬೆನ್ನ ಹಿಂದಿನದು, ಹಾಗಾಗಿ ಅಳಿಯ.

ಹಾದುಹೋಗುವಾಗ ನಿಂತರು. "ದಿನಾ ಅದೇನು ನೋಡ್ತೀರಿ ಮೇಡಂ? ಹೆಸರು ಎದ್ದು ಹೋಗತ್ತಾ?"

"ಹೋಗತ್ತೆ ಸರ್."

ನಕ್ಕರು. ನಾನು ನಗಲಿಲ್ಲ.

ಮಾರ್ಚ್ 5, ಬುಧವಾರ

ಆಫೀಸಿನ ಲ್ಯಾಂಡ್‌ಲೈನ್‌ಗಳನ್ನೆಲ್ಲ ಕಿತ್ತು ಹಾಕುತ್ತಿದ್ದಾರೆ. ಇನ್ನು ಮೇಲೆ ಎಲ್ಲ ಮೊಬೈಲ್. ಹನ್ನೊಂದು ಫೋನು ರಟ್ಟಿನ ಡಬ್ಬಿಗೆ ಬಿದ್ದವು. ಹನ್ನೆರಡನೆಯದು ನನ್ನ ಮೇಜಿನ ಮೇಲೆ. ಟೆಲಿಫೋನಿನವನು ಇಕ್ಕಳ ಹಿಡಿದು ಬಂದ. ರಿಸೀವರಿನ ಮೇಲೆ ಕೈಯಿಟ್ಟು ಕೂತೆ.

"ಇದನ್ನ ಮುಟ್ಟಬೇಡಿ."

"ಲಿಸ್ಟಲ್ಲಿದೆಯಲ್ಲಮ್ಮ."

"ಲೈನ್ ಯಾರ ಹೆಸರಲ್ಲಿದೆ ನೋಡಿ. ಯಜಮಾನರದ್ದು. ಅವರ ಸಹಿ ತನ್ನಿ, ನಾನೇ ಬಿಚ್ಚಿಕೊಡ್ತೀನಿ."

ಅವನಿಗೂ ಬೇಕಾಗಿರಲಿಲ್ಲ ಈ ರಗಳೆ. ನೀರು ಕುಡಿದ, ಹೋದ.

ಆರು ವರ್ಷದಲ್ಲಿ ಈ ಫೋನು ಬಡಿದುಕೊಂಡದ್ದು ಮೂರೇ ಸಲ. ಅಕೌಂಟ್ಸಿನವರು ಇದಕ್ಕೆ ಕುಂಭಕರ್ಣ ಎಂದು ಹೆಸರಿಟ್ಟಿದ್ದಾರೆ. ಇಡಲಿ. ಮುಖ್ಯ ಹೆಸರಿನಲ್ಲಿ ಒಂದು ಚುಕ್ಕೆ ಬದಲಾಗಬೇಕಾದರೂ ನೋಂದಣಿ ಕಂಪನಿಯವರು ಈ ನಂಬರಿಗೇ ಫೋನ್ ಮಾಡಬೇಕು. ಬದಲಾವಣೆ ಏನೆಂದು ಓದಬೇಕು. ಒಪ್ಪಿಗೆಯಿದ್ದರೆ ನಾನು ಗುಟ್ಟಿನ ವಾಕ್ಯ ಹೇಳಬೇಕು. ಪಕ್ಕದಲ್ಲಿ ಇನ್ನೊಬ್ಬರು ಕೇಳಿಸಿಕೊಂಡು ರಿಜಿಸ್ಟರಿಗೆ ಸಹಿ ಹಾಕಬೇಕು. ಎರಡು ಜೊತೆ ಕಿವಿ, ಒಂದು ಬಾಯಿ. ನಾನೇ ಮಾಡಿದ ನಿಯಮ. ಮೊಬೈಲು ಜೇಬಿನಲ್ಲಿ ಊರು ಸುತ್ತುತ್ತದೆ, ಕಳೆದುಹೋಗುತ್ತದೆ, ನಂಬರನ್ನೇ ಎಗರಿಸುವವರಿದ್ದಾರೆ. ಇದು ಗೋಡೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಮಾರ್ಚ್ 6, ಗುರುವಾರ. ಸಂಜೆ

ಅತ್ತೆ ಮೆಟ್ಟಿಲು ಹತ್ತಿ ಬಂದು ಉಸ್ಸೆಂದು ಕೂತರು. ದಿನದ ಮಾತು ಬಂತು. "ಲಿಫ್ಟ್ ಕಂಪನಿ ಸೊಸೆ. ಮೂರು ಮಹಡಿ ಹತ್ತೋ ಅತ್ತೆ."

ನನ್ನವರು ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಒಬ್ಬರ ಮಾತು ಇನ್ನೊಬ್ಬರು ಕೇಳದೆ ಚೆನ್ನಾಗಿಯೇ ಇದ್ದೇವೆ. ಫೋನಿನ ಜಗಳ ಹೇಳಿದೆ.

"ಒಂದು ಫೋನಿಗೆ ಇಷ್ಟಾ?"

"ಫೋನಿಗಲ್ಲ, ಹೆಸರಿಗೆ. ಆ ಹೆಸರು ನಮ್ಮ ಸ್ವಂತದ್ದಲ್ಲ ಅತ್ತೆ, ಇಷ್ಟು ವರ್ಷಕ್ಕೆ ಅಂತ ಹಿಡ್ಕೊಂಡಿರೋದು. ಗಡುವು ಮರೆತ್ರೆ ಯಾರು ಬೇಕಾದ್ರೂ ತಗೋಬಹುದು. ಆಮೇಲೆ ನಮ್ಮ ಇ-ಮೇಲ್ ಎಲ್ಲ ಅವರಿಗೇ ಹೋಗತ್ತೆ. ಲಿಫ್ಟಲ್ಲಿ ಸಿಕ್ಕಿಕೊಂಡೋರು ಗಂಟೆ ಒತ್ತಿದ್ರೆ ಅದು ಬರೋದೂ ಆ ಹೆಸರಿಗೇ. ಮೂರು ಸಾವಿರದ ನಾನೂರು ಲಿಫ್ಟು."

ಅತ್ತೆ ಸ್ವಲ್ಪ ಹೊತ್ತು ಕಾಲು ಒತ್ತಿಕೊಂಡರು. "ಹಾಗಾದ್ರೆ ಜಗಳ ಆಡು."

ಅವರಿಗೂ ಹೇಳದ್ದೊಂದಿದೆ. ಆರು ವರ್ಷದ ಹಿಂದೆ ಒಂಬತ್ತು ಗಂಟೆ ಕಾಲ ಹೆಸರು ಹೋಗಿತ್ತು. ಅದಕ್ಕೆ ಕೆಲವು ತಿಂಗಳ ಮುಂಚೆ, ಕೆಲಸ ಬಿಟ್ಟವರ ಮೇಲ್‌ಬಾಕ್ಸ್‌ಗಳನ್ನೆಲ್ಲ ಮುಚ್ಚಿ ಚೊಕ್ಕ ಮಾಡಿದ್ದೆ. ಭೇಷ್ ಅನ್ನಿಸಿಕೊಂಡಿದ್ದೆ. ಗಡುವಿನ ಎಚ್ಚರಿಕೆಗಳು ಬರುತ್ತಿದ್ದದ್ದು ಅವುಗಳಲ್ಲೊಂದಕ್ಕೆ. ನೋಡಿರಲಿಲ್ಲ. ಆ ದಿನ ಒಬ್ಬ ಟೀಚರ್ ಏಳನೆಯ ಮಹಡಿಯ ಲಿಫ್ಟಿನಲ್ಲಿ ಮೂರು ಗಂಟೆ ಇದ್ದರು. ಸಕ್ಕರೆ ಕಾಯಿಲೆಯವರು. ಬದುಕಿದರು. ವಾರ ಬಿಟ್ಟು ಆಫೀಸಿಗೆ ಬಂದರು. ಬೈಯಲಿಲ್ಲ. ಒಂದೇ ಕೇಳಿದರು: "ನಾನು ಒತ್ತುತ್ತಾನೇ ಇದ್ದೆ. ಅದು ಎಲ್ಲಿ ಕೇಳಿಸ್ತಿತ್ತು?"

ವರದಿಯಲ್ಲಿ 'ತಾಂತ್ರಿಕ ಕಾರಣ' ಎಂದಿದೆ. ವರದಿ ಬರೆದವಳು ನಾನು.

ಮಾರ್ಚ್ 12, ಬುಧವಾರ

ಹೊಸ ವೆಬ್‌ಸೈಟ್ ಮಾಡುವ ಏಜೆನ್ಸಿಯಾಕೆ ಬಂದಿದ್ದಳು. ಚುರುಕು ಹೆಂಗಸು, ಒಳ್ಳೆಯ ಮಾತು, ಕೈಯಲ್ಲಿ ಎರಡು ಫೋನು. ಡೊಮೈನಿನ ಲಾಗಿನ್, ಪಾಸ್‌ವರ್ಡ್ ಎಲ್ಲ ತನಗೆ ಕೊಟ್ಟುಬಿಡಬೇಕಂತೆ.

"ಏನು ಬದಲಾಗಬೇಕೋ ಬರೆದುಕೊಡಿ. ಅರ್ಧ ಗಂಟೇಲಿ ಮಾಡ್ತೀನಿ."

"ಈಗ ಯಾರೂ ಹೀಗೆ ಕೆಲಸ ಮಾಡಲ್ಲ ಮೇಡಂ. ತೊಂಬತ್ತು ಕ್ಲೈಂಟ್‌ಗಳು ನಮಗೇ ಬಿಟ್ಟಿದ್ದಾರೆ."

"ತೊಂಬತ್ತೊಂದನೆಯವರು ಬಿಡಲ್ಲ."

ಅಳಿಯಂದಿರ ಕಿವಿ ಕೆಂಪಾಯಿತು. ಕಾನ್ಫರೆನ್ಸ್ ರೂಮಿನ ಗಾಜಿನಾಚೆ ಇಡೀ ಆಫೀಸು ನೋಡುತ್ತಿತ್ತು. ನನಗೆ ನಾಚಿಕೆ ಆಗಲಿಲ್ಲ. ಸ್ವಲ್ಪ ಖುಷಿಯೇ ಆಯಿತು, ಸುಳ್ಳು ಯಾಕೆ ಬರೆಯಲಿ.

ನವೀಕರಣದ ಕಾಗದ ಇನ್ನೂ ಅವರ ಟ್ರೇಯಲ್ಲೇ ಇದೆ. ಎರಡನೇ ಸಲ ನೆನಪಿಸಿದೆ. "ಅದನ್ನೂ ಏಜೆನ್ಸಿ ನೋಡ್ಕೊಳ್ಳತ್ತೆ" ಎಂದರು. ಇನ್ನು 49 ದಿನ.

ಮಾರ್ಚ್ 14, ಶುಕ್ರವಾರ. ಮಧ್ಯಾಹ್ನ 1.15

ಮೆಮೊ ಬಂತು. ಸೋಮವಾರದೊಳಗೆ ಪಾಸ್‌ವರ್ಡ್‌ಗಳನ್ನು ಏಜೆನ್ಸಿಗೆ ಒಪ್ಪಿಸತಕ್ಕದ್ದು. ಕೆಳಗೆ ಅದೇ ಹಾಳೆಯಲ್ಲಿ ಬರೆದೆ: 'ಒಪ್ಪಿಸುವುದಿಲ್ಲ. ಸೈಟಿಗೆ ಬೇಕಾದಷ್ಟು ಅಧಿಕಾರ ಪ್ರತ್ಯೇಕವಾಗಿ ತೆರೆದುಕೊಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ಯಾಕೆ ಬೇಕೆಂದು ಬರೆದು ತಿಳಿಸಬೇಕಾಗಿ ವಿನಂತಿ.' ಸಹಿ, ತಾರೀಖು, ಸೀಲು.

ಊಟದ ಹೊತ್ತಿಗೆ ಕೇಬಲ್ ಮಾವನಿಗೆ ತೋರಿಸಿದೆ. ನಮ್ಮ ಹೆಡ್ ಮೆಕ್ಯಾನಿಕ್, ಕಂಪನಿಗೆಲ್ಲ ಮಾವ. ಫೋನಿನ ಪಕ್ಕದ ಎರಡನೇ ಜೊತೆ ಕಿವಿ ಅವರದೇ. ಗ್ರೀಸು ಹತ್ತಿದ ಬೆರಳು ಹಾಳೆಗೆ ತಾಗದ ಹಾಗೆ ದೂರ ಹಿಡಿದು ಓದಿದರು.

"ಬಾಗಿಲಿಗೆ ಬಣ್ಣ ಹೊಡೆಯೋರಿಗೆ ಮೋಟರ್ ರೂಮಿನ ಬೀಗದಕೈ ಯಾಕಮ್ಮ?"

"ಅದನ್ನೇ ಬರೀಬೇಕಿತ್ತು."

"ಈಗಲೂ ಬರಿ. ಜಾಗ ಇದೆ."

ಬರೆದೆ.

ಮಾರ್ಚ್ 24, ಸೋಮವಾರ

ನೆಲಮಾಳಿಗೆ. 'ಹಳೆಯ ಕಡತಗಳ ವಿಭಾಗಕ್ಕೆ ವರ್ಗ.' ವಿಭಾಗವೆಂದರೆ ನಾನು, ನಾಲ್ಕು ಕಬ್ಬಿಣದ ಕಪಾಟು, ಎತ್ತರದಲ್ಲೊಂದು ಕಿಂಡಿ. ಕಿಂಡಿಯಲ್ಲಿ ರಸ್ತೆಯವರ ಚಪ್ಪಲಿ, ಬೂಟು ಕಾಣುತ್ತವೆ. ಮುಖಗಳಿಗಿಂತ ವಾಸಿ.

ಫೋನು ಮೇಲೆಯೇ ಇರಲಿ ಎಂದರು ಅಳಿಯ. ಜಪ್ಪಯ್ಯ ಅಂದರೂ ನಾನು ಬಿಡಲಿಲ್ಲ. ಲೈನಿನ ಜಾಗ ಬದಲಿಸಬೇಡಿ ಎಂದು ಲೈನಿಗೆ ಯಜಮಾನರು ಬರೆದುಕೊಟ್ಟ ಹಳೆಯ ಅರ್ಜಿಯೇನೂ ಹೇಳುವುದಿಲ್ಲ. ಕೇಬಲ್ ಮಾವ ನಲವತ್ತು ಮೀಟರ್ ವೈರು ತಂದು, ಲಿಫ್ಟಿನ ಬಾವಿಯ ಗೋಡೆಗುಂಟ ಎಳೆದು, ಮೊಳೆ ಹೊಡೆದುಕೊಟ್ಟರು. ಮಧ್ಯಾಹ್ನ ಮೂರಕ್ಕೆ ಡಯಲ್ ಟೋನ್ ಬಂತು. ಇಬ್ಬರೂ ಒಬ್ಬರಾದ ಮೇಲೊಬ್ಬರು ಕಿವಿಗಿಟ್ಟು ಕೇಳಿದೆವು.

ನವೀಕರಣದ ಕಾಗದ, ಮೂರನೇ ಸಲ. ಈ ಸಲ ಟ್ರೇಗೂ ಹೋಗದೆ ವಾಪಸ್ಸು ಬಂತು. 37.

ಏಪ್ರಿಲ್ 8, ಮಂಗಳವಾರ. ಮಧ್ಯಾಹ್ನ 3.30

ಅಳಿಯ ಮೊದಲ ಸಲ ಕೆಳಗೆ ಬಂದರು. ಬಾಗಿಲಲ್ಲಿ ತಲೆ ಬಗ್ಗಿಸಬೇಕೆಂದು ಗೊತ್ತಿರಲಿಲ್ಲ, ಹೊಡೆಸಿಕೊಂಡರು. ಪಾಪ ಅನಿಸಿತು. ಒಂದು ಕ್ಷಣ.

ನಾಲ್ಕಕ್ಕೆ ಹೊಸ ಸೈಟ್ ಶುರುವಂತೆ. ಏಜೆನ್ಸಿಯ ಮೇಲ್ ತೋರಿಸಿದರು. ನೋಂದಣಿಯವರ ಫೋನ್ ಬರುತ್ತದೆ, ಹೂಂ ಎನ್ನಬೇಕು, ಅಷ್ಟೇ. ಕೇಬಲ್ ಮಾವ ಹೊರಗೆ ಲಿಫ್ಟಿನ ಕೆಲಸದಲ್ಲಿದ್ದಾರೆ, ಸಂಜೆ ಬರುವುದು. ಅದನ್ನೂ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಕೈಗಡಿಯಾರ ನೋಡುತ್ತ ಕಪಾಟಿಗೆ ಒರಗಿ ನಿಂತಿದ್ದಾರೆ. ನಾನು ಬರೆಯುತ್ತಿದ್ದೇನೆ, ನೋಡಲಿ.

ಅದೇ ದಿನ. 5.20

ಮೂರು ಐವತ್ತಕ್ಕೆ ಬಡಿದುಕೊಂಡಿತು. ರಿಸೀವರ್ ಎತ್ತಿದೆ. ಆ ಕಡೆಯ ಗಂಡಸು ಓದಿದ. ಬದಲಾವಣೆ ಒಂದಲ್ಲ, ಎರಡು. ಸರ್ವರ್ ವಿಳಾಸ. ಆಮೇಲೆ — ಹೆಸರನ್ನು ಕಂಪನಿಯ ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾಯಿಸುವುದು.

ಎರಡನೆಯದನ್ನು ಮತ್ತೆ ಓದಿಸಿದೆ. ರಿಸೀವರ್ ಮುಚ್ಚಿ ಕೇಳಿದೆ.

"ಸೈಟ್ ಶುರು ಮಾಡೋಕೆ ಹೆಸರು ಯಾಕೆ ಕೈ ಬದಲಾಗ್ಬೇಕು ಸರ್?"

"ಅದು ಅವರ ಪದ್ಧತಿ ಇರತ್ತೆ. ಹೂಂ ಅನ್ನಿ."

"ಎರಡನೇ ಕಿವಿ ಇಲ್ಲ."

"ನಾನಿದ್ದೀನಲ್ಲ."

"ಬದಲಾವಣೆ ಬೇಕು ಅನ್ನೋರು ನೀವು ಸರ್. ಬೇಕು ಅನ್ನೋರೇ ಸಾಕ್ಷಿ ಆಗೋಕಾಗಲ್ಲ."

"ಇದು ಆರ್ಡರ್."

ರಿಸೀವರಿನಿಂದ ಕೈ ತೆಗೆದು ಹೇಳಿದೆ: "ಒಪ್ಪಿಗೆ ಇಲ್ಲ."

ಅಳಿಯ ಫೋನು ಕಸಿದುಕೊಂಡರು. "ನಾನು ಎಂ.ಡಿ., ನನ್ನ ಒಪ್ಪಿಗೆ ಇದೆ, ದಾಖಲು ಮಾಡಿಕೊಳ್ಳಿ" ಎಂದರು. ಆ ಕಡೆಯವನ ದನಿ ನನಗೂ ಕೇಳಿಸಿತು. "ವಾಕ್ಯ ಹೇಳಿ ಸರ್."

ನನ್ನ ಮುಖ ನೋಡಿದರು. ನಾನು ಕಿಂಡಿ ನೋಡಿದೆ. ಯಾವುದೋ ಕಂದು ಬೂಟು ಹೋಗುತ್ತಿತ್ತು.

"ಮೇಲಕ್ಕೆ, ಭದ್ರವಾಗಿ," ಎಂದರು. ಕಂಪನಿಯ ಘೋಷವಾಕ್ಯ. ವ್ಯಾನಿನ ಮೇಲೆಲ್ಲ ಬರೆದಿದೆ.

"ಅದಲ್ಲ ಸರ್," ಎಂದ ಆ ಕಡೆಯವನು.

ಫೋನು ಕುಕ್ಕಿದರು. ರಿಸೀವರಿನ ತುದಿ ಸೀಳಿದೆ. ಟೋನ್ ಇದೆ, ನೋಡಿದೆ. ರಿಜಿಸ್ಟರಿನಲ್ಲಿ ಬರೆದೆ: 3.50, ನಿರಾಕರಿಸಲಾಯಿತು, ಸಾಕ್ಷಿ ಇಲ್ಲ.

ಏಪ್ರಿಲ್ 9, ಬುಧವಾರ

ಸಸ್ಪೆಂಡ್. ಆಜ್ಞೋಲ್ಲಂಘನೆ. ವಿಚಾರಣೆ ಮುಗಿಯುವವರೆಗೆ ಕಂಪನಿಯ ಯಾವ ಕಂಪ್ಯೂಟರ್, ಯಾವ ಖಾತೆ ಮುಟ್ಟಿದರೂ ಪೊಲೀಸ್ ದೂರು.

ಪಾಸ್‌ವರ್ಡಿನ ಲಕೋಟೆ ಕ್ಯಾಷಿಯರಿನ ಸೇಫಿನಲ್ಲಿದೆ, ಇಬ್ಬರ ಎದುರಿಗೆ ಒಡೆಯಿರಿ, 30ರೊಳಗೆ ನವೀಕರಿಸಿ ಎಂದು ಬರೆದುಕೊಟ್ಟೆ. ಸ್ವೀಕೃತಿಗೆ ಸಹಿ ಹಾಕಿಸಿಕೊಂಡೆ. ಇಪ್ಪತ್ತೆರಡು ವರ್ಷದ ಸಾಮಾನು ಒಂದು ಕೈಚೀಲದಲ್ಲಿ ಹಿಡಿಯಿತು.

ಅತ್ತೆ ಬಾಗಿಲು ತೆರೆದು ಚೀಲ ನೋಡಿದರು. "ಗೆದ್ಯೋ ಸೋತ್ಯೋ?"

"ಗೊತ್ತಿಲ್ಲ."

"ಕಾಲು ತೊಳ್ಕೊ, ಊಟ ಮಾಡು."

ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಸಿಟ್ಟಿಗೆ ಅತ್ತದ್ದು.

ಏಪ್ರಿಲ್ 15, ಮಂಗಳವಾರ

ವಿಚಾರಣೆ. ಯಜಮಾನರು ಕೋಲು ಹಿಡಿದು ಬಂದಿದ್ದರು. ಏಜೆನ್ಸಿಯಾಕೆಯೂ.

8ರಂದು ಅಳಿಯ ತೋರಿಸಿದ ಮೇಲ್ ಅವಳದೇ, ನಕಲಿಯಲ್ಲ. ಯಾರೂ ಒಳನುಗ್ಗಿಲ್ಲ, ಯಾರೂ ಕದ್ದಿಲ್ಲ. ಎಲ್ಲ ಕ್ಲೈಂಟ್‌ಗಳ ಹೆಸರನ್ನೂ ಒಂದೇ ಖಾತೆಯಲ್ಲಿಡುವುದು ಅವರ ಪದ್ಧತಿಯಂತೆ. ಮುಖ ಬಾಡಿತ್ತು ಅವಳದು, ಅವಮಾನವಾಗಿದೆ ಎಂದಳು. ಇರಬಹುದು.

ಕಳ್ಳ ಇರಲಿಲ್ಲ. ಸರಿ. ಹಾಗಂತ ಅವತ್ತು ಬಾಗಿಲು ತೆಗೆಯಬೇಕಿತ್ತೇ? ಮೂರು ಸಾವಿರದ ನಾನೂರು ಲಿಫ್ಟಿನ ಗಂಟೆ ಬರುವ ದಾರಿಯನ್ನು ಗುರುತಿಲ್ಲದ ಖಾತೆಗೆ ಹಾಕಿ, ಆಮೇಲೆ ಯಾರದೆಂದು ವಿಚಾರಿಸಬೇಕಿತ್ತೇ? ಕೇಳಿದೆ. 

ಅಳಿಯ ಒಂದು ಮಾತು ಹೇಳಿದರು. "ನಾಳೆ ನಿಮಗೇನಾದ್ರೂ ಆದ್ರೆ? ಇಡೀ ಕಂಪನಿ ಒಬ್ಬರ ಬಾಯಲ್ಲಿದೆ ಮೇಡಂ." ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಹೊಳೆದಿಲ್ಲ. ಅದಕ್ಕೇ ಮೈಯೆಲ್ಲ ಉರಿಯುತ್ತಿದೆ.

ಟೈಪಾದ ಕ್ಷಮಾಪಣೆ ಪತ್ರ ಮುಂದಿಟ್ಟರು. ಸಹಿ ಹಾಕಿ ವಾಕ್ಯ ಹೇಳಿದರೆ ಕೆಲಸ ಉಂಟು.

"ಐದು ಜನರ ಎದುರಿಗೆ ವಾಕ್ಯ ಹೇಳಲ್ಲ. ಕ್ಷಮೆ ಒಬ್ಬರೆದುರಿಗೂ ಕೇಳಲ್ಲ."

ಯಜಮಾನರು ಕೋಲಿನ ಹಿಡಿ ಉಜ್ಜುತ್ತ ಕೂತಿದ್ದರು. "ಆಫೀಸ್ ನಡೆಸೋನು ಅವನು" ಎಂದಷ್ಟೇ ಹೇಳಿ ಎದ್ದರು. ನನ್ನ ಕಡೆ ನೋಡಲಿಲ್ಲ. ಅದು ನೋಯಿತು.

ಏಪ್ರಿಲ್ 22, ಮಂಗಳವಾರ

8. ರಿಜಿಸ್ಟರಿಲ್ಲ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೇನೆ.

ಗಡುವು ನೆನಪಿಸಿ ನಾನು ಕಳಿಸಿದ್ದ ರಿಜಿಸ್ಟರ್ಡ್ ಪೋಸ್ಟಿಗೆ ಉತ್ತರ ಬಂತು: 'ನವೀಕರಣ ಆಟೊಮ್ಯಾಟಿಕ್ ಇದೆ, ತಾವು ಚಿಂತಿಸಬೇಕಾಗಿಲ್ಲ.' ಆಟೊಮ್ಯಾಟಿಕ್ ಇರುವುದು ನಿಜ. ಯಜಮಾನರ ಹಳೆಯ ಕಾರ್ಡಿಗೆ. ಬ್ಯಾಂಕು ಬದಲಿಸಿದಾಗ ಆ ಕಾರ್ಡು ಸತ್ತಿದೆ. ಅದನ್ನೂ ಬರೆದಿದ್ದೆ. ಓದಿಲ್ಲ.

"ಪಾಸ್‌ವರ್ಡ್ ನಿನ್ನ ತಲೇಲಿದೆಯಲ್ಲ. ಮಾಡಿಬಿಡು," ಅತ್ತೆ.

"ಪೊಲೀಸರು ಬರ್ತಾರೆ."

"ಬರಲಿ. ಮೂರು ಮಹಡಿ ಹತ್ತಿಕೊಂಡು ತಾನೆ?"

ಪೊಲೀಸರ ಭಯಕ್ಕಲ್ಲ. ಒಬ್ಬರೇ ಮುಟ್ಟಬಾರದೆಂದು ಬರೆದವಳು ನಾನು. ನಿಯಮ ಅಳಿಯಂದಿರಿಗೊಂದು, ನನಗೊಂದೇ? ಆದರೆ 29ರ ಸಂಜೆವರೆಗೆ ನೋಡುತ್ತೇನೆ. ಆಮೇಲೆ ಮಾಡಿ, ನಾನೇ ಸ್ಟೇಷನ್ನಿಗೆ ಹೋಗಿ ಹೇಳುತ್ತೇನೆ. ಲಿಫ್ಟಿನೊಳಗೆ ಇನ್ನೊಬ್ಬರು ಒತ್ತುತ್ತ ನಿಲ್ಲುವುದಕ್ಕೆ ಬಿಡುವುದಿಲ್ಲ.

ಏಪ್ರಿಲ್ 28, ಸೋಮವಾರ. 11.00

ಕೇಬಲ್ ಮಾವನ ಫೋನ್. ದಿನಾ ಬೆಳಿಗ್ಗೆ ಅವರು ಒಂದು ಹಾಳೆಗೆ ಸಹಿ ಹಾಕಬೇಕು: ಗಂಟೆ ಒತ್ತಿದರೆ ಕೇಳಿಸುತ್ತದೆ ಎಂದು. ಆ ಸಹಿ ಇಲ್ಲದೆ ಒಂದು ಲಿಫ್ಟೂ ಓಡುವ ಹಾಗಿಲ್ಲ, ಕಾನೂನು. 30ರ ಹಾಳೆಗೆ ಹಾಕುವುದಿಲ್ಲ ಎಂದು ಅಳಿಯಂದಿರಿಗೆ ಹೇಳಿ ಬಂದಿದ್ದಾರೆ.

"ಏನಂದ್ರಿ ಮಾವ?"

"ಅವತ್ತು ಕೇಳಿಸತ್ತೆ ಅಂತ ನಂಗೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಸಹಿ ಹಾಕಲ್ಲ ಅಂದೆ."

"ಅವರು?"

"ಬೇರೆ ಮೆಕ್ಯಾನಿಕ್ ಕೈಲಿ ಹಾಕಿಸ್ತೀನಿ ಅಂದ್ರು. ಹಾಕಿಸಿ ಅಂದೆ. ಇಪ್ಪತ್ತಾರು ಜನರನ್ನೂ ಕೇಳಿದ್ರು. ಒಬ್ಬನಿಗೂ ಪೆನ್ನು ಸಿಗಲಿಲ್ಲ."

ಏಪ್ರಿಲ್ 29, ಮಂಗಳವಾರ. ಮಧ್ಯಾಹ್ನ 2.00

ಬೆಳಿಗ್ಗೆ ಎಂಟೂವರೆಗೆ ಅಳಿಯಂದಿರೇ ಫೋನ್ ಮಾಡಿದರು. "ಬಂದು ನೋಡಿ" ಎಂದಷ್ಟೇ. ಮುಂಬಾಗಿಲಿಂದ ಹೋದೆ. ಸೆಕ್ಯೂರಿಟಿಯವನು ಎದ್ದು ನಿಂತ.

ಅಳಿಯ, ಮಾವ, ನಾನು. ಲಕೋಟೆ ಒಡೆದೆವು. ಅಳಿಯಂದಿರ ಕೈಯಲ್ಲೇ ಟೈಪ್ ಮಾಡಿಸಿದೆ. ಪರದೆ ಮೇಲೆ ಕೆಂಪಕ್ಷರ: ಪಾವತಿ ಮೂರು ಸಲ ವಿಫಲ. ನಾಲ್ಕು ಎಚ್ಚರಿಕೆ ಕಳಿಸಲಾಗಿದೆ.

"ಎಲ್ಲಿಗೆ ಕಳಿಸಿದ್ದಾರೆ? ನನಗೇನೂ ಬಂದಿಲ್ಲ."

ತೋರಿಸಿದೆ. ಎಚ್ಚರಿಕೆಗಳಿಗೆಂದೇ ಇಟ್ಟಿದ್ದ ಮೇಲ್‌ಬಾಕ್ಸ್. ನಾನು ಹೋದ ದಿನ ನನ್ನ ಸುಪರ್ದಿನಲ್ಲಿದ್ದ ಮೂರನ್ನೂ ಮುಚ್ಚಿಸಿದ್ದಾರೆ. ಅದೂ ಸೇರಿ. ಅವರದೇ ಆಜ್ಞೆ, ಅವರದೇ ಸಹಿ.

ಅಳಿಯ ಕನ್ನಡಕ ತೆಗೆದರು. ಕಣ್ಣು ಉಜ್ಜಿಕೊಂಡರು.  ಮೂರು ವಾರದಿಂದ ಈ ಮುಖ ನೋಡಬೇಕೆಂದು ಕಾದಿದ್ದೆ. ಆಡಬೇಕಾದ ಮಾತುಗಳನ್ನು ಮೆಟ್ಟಿಲು ಹತ್ತುವಾಗ, ಇಳಿಯುವಾಗ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಆರು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ ಸರ್."

ಎಲ್ಲ ಹೇಳಿದೆ. ಚೊಕ್ಕ ಮಾಡಿದ್ದು, ಏಳನೇ ಮಹಡಿ, ವರದಿ. ಮಾವನಿಗೂ ಗೊತ್ತಿರಲಿಲ್ಲ. ಆ ದಿನ ಬಾಗಿಲು ಮೀಟಿ ಟೀಚರನ್ನು ಎತ್ತಿಕೊಂಡು ಬಂದವರು ಅವರು. ಬೆನ್ನು ತಿರುಗಿಸಿ ಕಿಟಕಿಯ ಬಳಿ ನಿಂತರು.  ಕೊನೆಗೆ ಬಂದು, "ಮೊದಲು ಹೆಸರು ಉಳಿಸ್ರಮ್ಮ. ಬೈಯೋದು ಆಮೇಲೆ ಬೈತೀನಿ" ಎಂದರು.

ಹೊಸ ಕಾರ್ಡು ಹಾಕಿದೆವು. ಹತ್ತು ವರ್ಷ. ಹೊಸ ಗಡುವನ್ನು ಅಳಿಯಂದಿರಿಂದ ಗಟ್ಟಿಯಾಗಿ ಓದಿಸಿ ರಿಜಿಸ್ಟರಿಗೆ ಇಳಿಸಿದೆ. ಮೂರು ಸಹಿ. ಮಾವ ನಾಳೆಯ ಹಾಳೆ ತಂದು ಅಲ್ಲೇ, ಅದೇ ಪೆನ್ನಿನಲ್ಲಿ ಸಹಿ ಹಾಕಿದರು.

ಮೇ 2, ಶುಕ್ರವಾರ. ಮಧ್ಯಾಹ್ನ 12.30

ಸಸ್ಪೆನ್ಷನ್ ತಡೆಹಿಡಿದಿದ್ದಾರೆ. ರದ್ದಾಗಿಲ್ಲ. ಹಳೆಯ ವರದಿ ತಿದ್ದಿ ನನ್ನ ಹೆಸರು ಬರೆದುಕೊಟ್ಟಿದ್ದೇನೆ, ಅದಕ್ಕೆ ಬೇರೆ ವಿಚಾರಣೆ ಆಗಬಹುದು. ಆಗಲಿ, ಅದಕ್ಕೆ ತಲೆ ಬಾಗುತ್ತೇನೆ. ಏಪ್ರಿಲ್ 8ಕ್ಕೆ ಬಾಗುವುದಿಲ್ಲ. ಕ್ಷಮಾಪಣೆ ಪತ್ರ ಅವರ ಮೇಜಿನ ಮೇಲೆ ಹಾಗೇ ಇದೆ. ಅವರು ಕೇಳಿಲ್ಲ, ನಾನು ನೋಡಿಲ್ಲ. ಮಾವ ಬೈದರು, ಮಾತು ಕೊಟ್ಟ ಹಾಗೆ. ಚೆನ್ನಾಗಿಯೇ ಬೈದರು.

ಈಗ ಅಳಿಯ ಕೆಳಗೆ ಬಂದಿದ್ದರು. ಬಾಗಿಲಲ್ಲಿ ತಲೆ ಬಗ್ಗಿಸಿದರು. ವಾಕ್ಯವನ್ನು ಇಬ್ಬರಿಗೆ ಹಂಚೋಣ ಎಂದು ನಾನೇ ಹೇಳಿದೆ. ಆ ದಿನ ಹೊಳೆಯದ ಉತ್ತರ ಇದೇ. ಪೂರ್ತಿ ಇಬ್ಬರಿಗೂ ಗೊತ್ತಿರಲಿ; ಹೇಳುವಾಗ ಅರ್ಧ ನನ್ನ ಬಾಯಿ, ಅರ್ಧ ಅವರದು, ಕಿವಿ ಮಾವನದು.

"ಎಂಥ ವಾಕ್ಯ ಇರಬೇಕು?"

"ವ್ಯಾನಿನ ಮೇಲೆ ಬರೆಯದಂಥದ್ದು."

ನಕ್ಕರು. ಈ ಸಲ ನಾನೂ ನಕ್ಕೆ. ಬಹಳ ಯೋಚಿಸಿ ಒಂದು ಚೀಟಿಯಲ್ಲಿ ಬರೆದು ನನ್ನ ಕಡೆ ತಳ್ಳಿದರು. ಇಷ್ಟು ಒಳ್ಳೆಯದು ಈ ಮನುಷ್ಯನ ತಲೆಯಲ್ಲಿ ಇದೆಯೆಂದು ಯಾರು ನಂಬಬೇಕು. ಚೀಟಿ ಚೂರು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಏಳುವಾಗ ಈ ಪುಸ್ತಕಕ್ಕೆ ಬೆರಳು ತೋರಿಸಿ, "ಇದರಲ್ಲೂ ಬೇಡ ಮೇಡಂ" ಎಂದರು.

ನನಗೇ ನಿಯಮ ಹೇಳುತ್ತಾರೆ. ನಿನ್ನೆ ಮೊನ್ನೆ ಬಂದವರು. ಇದು ನನ್ನ ಪುಸ್ತಕ, ಏನು ಬೇಕಾದರೂ ಬರೆಯುತ್ತೇನೆ, ಯಾರಪ್ಪನ ಅಪ್ಪಣೆಯೂ ಬೇಕಿಲ್ಲ. ನನ್ನ ಅರ್ಧ ನಾಲ್ಕು ಪದ. ಅವರದು ಮೂರು. ಕೂಡಿಸಿ ಓದಿದರೆ ಹೀಗೆ — ಇಲ್ಲ, ಇದರಲ್ಲೂ ಬೇಡ.